ಮೂರು ಮಳೆಗಾಲ, ಹನ್ನೊಂದು ಲಾಂಚ್: ಶಿರಸಿಯಲ್ಲಿ ಬಿಎಂಡಬ್ಲ್ಯೂ ಎಂ340ಐ

ಕಾರು ತಗೊಂಡು ಮೂರು ಮಳೆಗಾಲ ಕಳೆಯಿತು. 31,000 ಕಿ.ಮೀ. ಓಡಿದೆ. ಅಷ್ಟರಲ್ಲಿ ಲಾಂಚ್ ಕಂಟ್ರೋಲ್, ಅಂದ್ರೆ ನಿಂತ ಕಾರನ್ನು ಚಕ್ರ ಜಾರದಂತೆ ಪೂರ್ತಿ ಶಕ್ತಿಯಲ್ಲಿ ಹೊರಡಿಸುವ ವ್ಯವಸ್ಥೆ, ಬಳಸಿದ್ದು ಹನ್ನೊಂದೇ ಸಲ. ಲೆಕ್ಕ ಇಟ್ಟಿದ್ದೇನೆ, ಯಾಕಂದ್ರೆ ಕಾರು ನೋಡಿದವರೆಲ್ಲ ಮೊದಲು ಕೇಳುವುದು ಅದನ್ನೇ. ಆಮೇಲೆ ಮೈಲೇಜು.

3 ಲೀಟರಿನ ಆರು ಸಿಲಿಂಡರ್ ಟರ್ಬೊ ಪೆಟ್ರೋಲ್ ಎಂಜಿನ್, ಎಂಟು ಗೇರು, ನಾಲ್ಕೂ ಚಕ್ರಕ್ಕೆ ಶಕ್ತಿ. ಸೊನ್ನೆಯಿಂದ ನೂರಕ್ಕೆ 4.4 ಸೆಕೆಂಡು ಅಂತ ಕಂಪನಿಯ ಲೆಕ್ಕ. ನೋಡೋದಕ್ಕೆ ಮಾತ್ರ ಮದುವೆ ಮನೆಗೆ ಹೊರಟ ಸೆಡಾನ್.

ಕುಮಟಾ ಹತ್ತಿರ ನಮ್ಮ ಭಾವನ ಲೇಔಟ್ ಇದೆ. ಸೈಟು ಇನ್ನೂ ಮಾರಿಲ್ಲ. ಒಳಗೆ ನೇರ ಡಾಂಬರು ರಸ್ತೆ, ಗೇಟಿಗೆ ಬೀಗ. ಈ ಆಟ ಅಲ್ಲಿ ಮಾತ್ರ. ಊರ ರಸ್ತೆಯಲ್ಲಿ ದನ ಯಾವ ಕಡೆಯಿಂದ ಬರುತ್ತದೋ ದೇವರಿಗೂ ಗೊತ್ತಿಲ್ಲ. ಮೊದಲ ದಿನ ಬೆಳಗ್ಗೆ ಎದ್ದವನೇ ಶುರು ಮಾಡಿದೆ. ಬ್ರೇಕು, ಆಕ್ಸಿಲರೇಟರ್ ಎರಡೂ ಒತ್ತಿ ಕೂತೆ. ಏನೂ ಆಗಲಿಲ್ಲ. ಮೊಬೈಲ್ ಹಿಡಿದು ನಿಂತಿದ್ದ ಭಾವ, "ಎಂತದೋ ಭಾವಾ, ಮುಹೂರ್ತ ನೋಡವಾ?" ಎಂದ.

ಕೈಪಿಡಿ ತೆಗೆದರೆ ಉತ್ತರ ಅಲ್ಲೇ ಇತ್ತು. ಎಂಜಿನ್ ಬಿಸಿಯಾಗಿರಬೇಕು, ಅಂದ್ರೆ ನಿಲ್ಲದೆ ಕನಿಷ್ಠ 10 ಕಿ.ಮೀ. ಓಡಿರಬೇಕು. ಹೊನ್ನಾವರದ ಕಡೆ ಒಂದು ಸುತ್ತು ಹೋಗಿ ಬಂದೆ.

ಆಮೇಲೆ ಕ್ರಮ ಸುಲಭ. ಸ್ಟೀರಿಂಗ್ ನೇರ, ಸ್ಪೋರ್ಟ್ ಮೋಡ್. ಕಾರು ಜಾರದಂತೆ ಕಾಯುವ ಡಿಎಸ್‌ಸಿಯ ಬಟನ್ ಒತ್ತಿ ಆ ಕಾವಲನ್ನು ಒಂದು ಹಂತ ಸಡಿಲಿಸಿ, ಗೇರನ್ನು ಎಸ್‌ಗೆ (ಸ್ಪೋರ್ಟ್) ತನ್ನಿ. ಎಡಗಾಲಲ್ಲಿ ಬ್ರೇಕ್ ಗಟ್ಟಿ ಒತ್ತಿ, ಬಲಗಾಲಲ್ಲಿ ಆಕ್ಸಿಲರೇಟರ್ ಪೂರ್ತಿ ತಳಕ್ಕೆ. ಮೀಟರಿನಲ್ಲಿ ಬಾವುಟ ಮೂಡುತ್ತದೆ. ಮೂರು ಸೆಕೆಂಡಿನೊಳಗೆ ಬ್ರೇಕ್ ಬಿಡಬೇಕು.

ಬಿಟ್ಟೆ. ಅಡಿಕೆ ಮಂಡಿಯಲ್ಲಿ ತೋರಿಸಲು ಕಪ್ ಹೋಲ್ಡರಿನಲ್ಲಿಟ್ಟಿದ್ದ ನಾಲ್ಕು ಒಣ ಚಾಲಿ ಅಡಿಕೆ ಹಾರಿ ಹಿಂದಿನ ಸೀಟಿಗೆ ಟಪಟಪ ಬಡಿದವು. ಟೈರು ಕಿರುಚಲಿಲ್ಲ, ಹೊಗೆ ಬರಲಿಲ್ಲ. ತಲೆ ಸೀಟಿಗೆ ಅಂಟಿತು, ಹೊಟ್ಟೆ ಮಾತ್ರ ಗೇಟಿನ ಹತ್ತಿರವೇ ಉಳಿದ ಹಾಗೆ. ನೂರು ಮುಟ್ಟಲು ಎಪ್ಪತ್ತು ಮೀಟರ್ ಆಸುಪಾಸು ಸಾಕು. ನಿಲ್ಲುವ ಜಾಗ ಮೊದಲೇ ನೋಡಿಟ್ಟುಕೊಳ್ಳಿ.

"ಇನ್ನೊಂದ್ಸಲ" ಎಂದ ಭಾವ. ಆಗೋದಿಲ್ಲ. ಬ್ರೇಕ್ ಹಿಡಿದಾಗ ಚಕ್ರ ನಿಂತಿರುತ್ತದೆ, ಎಂಜಿನ್ ತಿರುಗುತ್ತಲೇ ಇರುತ್ತದೆ. ನಡುವೆ, ಎಂಜಿನ್ನಿನ ಶಕ್ತಿಯನ್ನು ಎಣ್ಣೆಯ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಟಾರ್ಕ್ ಕನ್ವರ್ಟರಿನಲ್ಲಿ, ಎಣ್ಣೆ ಕಡೆದು ಬಿಸಿಯಾಗುತ್ತದೆ. ಗೇರ್‌ಬಾಕ್ಸ್ ತಣಿಯಲು ಸುಮಾರು ಐದು ನಿಮಿಷ ಬೇಕು. ಒಂದು ಕಪ್ ಚಹಾ ಆಯಿತು. ಬಿಡಿಭಾಗ ಬೇಗ ಸವೆಯುತ್ತವೆ, ಹೊಸ ಕಾರು ಪಳಗುವ ತನಕ ಬಳಸಲೇಬೇಡಿ ಅಂತ ಕೈಪಿಡಿಯಲ್ಲೇ ಬರೆದಿದೆ. ಇದನ್ನು ಯಾರೂ ಓದೋದಿಲ್ಲ ಅಲ್ವಾ?

ಮಳೆಗಾಲದಲ್ಲಿ ಒಮ್ಮೆ ಹುಚ್ಚು ಹಿಡಿದು ಪ್ರಯತ್ನಿಸಿದೆ. ರಸ್ತೆಯಂಚಿಗೆ ಹಾವಸೆ ಕಟ್ಟಿತ್ತು. ಹಿಂಬದಿ ಒಂದು ಮೊಳ ಪಕ್ಕಕ್ಕೆ ಜಾರಿ, ಮತ್ತೆ ತಾನೇ ಸರಿಹೋಯಿತು. ತಪ್ಪು ನನ್ನದೇ. ಅವತ್ತಿಂದ ಜೂನ್ ಬಂದರೆ ಆ ಬಟನ್ ಕಡೆ ಕೈ ಹೋಗಿಲ್ಲ.

ನಿಜ ಹೇಳಬೇಕಂದ್ರೆ ನನಗೆ ದಿನಾ ಸಿಗುವ ಖುಷಿ ಬೇರೆಯೇ. ಅರಬೈಲ್ ಘಾಟಿನಲ್ಲಿ ಲಾರಿಯೋ ಟ್ಯಾಂಕರೋ ಉಸಿರು ಬಿಡುತ್ತಾ ಹತ್ತುತ್ತಿರುತ್ತದೆ. ಎದುರು ಖಾಲಿ ಇದ್ದರೆ ಕಾಲು ಸ್ವಲ್ಪ ಊರಿದರೂ ಸಾಕು. 2,000 ಆರ್‌ಪಿಎಮ್ ಮುಟ್ಟುವ ಮೊದಲೇ 500 ನ್ಯೂಟನ್ ಮೀಟರ್ ಟಾರ್ಕ್ (ಚಕ್ರ ತಿರುಗಿಸುವ ಬಲ) ಸಿದ್ಧ. ಲಾರಿ ಕನ್ನಡಿಯಲ್ಲಿ ಸಣ್ಣದಾಗುತ್ತದೆ. ಇದಕ್ಕೆ ಬಾವುಟವೂ ಬೇಡ, ಚಹಾ ವಿರಾಮವೂ ಬೇಡ. ಲಾಂಚ್ ಕಂಟ್ರೋಲ್ ಇದೆ ಅಂತಲೇ ಈ ಕಾರು ತಗೊಳ್ಳಬೇಡಿ.

ಅಂದ ಹಾಗೆ, ನಾಲ್ಕು ಅಡಿಕೆಯಲ್ಲಿ ಒಂದು ಇನ್ನೂ ಸಿಕ್ಕಿಲ್ಲ. ಘಾಟಿನ ತಿರುವಿನಲ್ಲಿ ಸೀಟಿನಡಿ ಉರುಳುವುದು ಕೇಳಿಸುತ್ತದೆ.