'ಪಕ್ಕಾ ಹೆಣ್ಣು ಅಕ್ಕ' ಅಂದಿದ್ದನ್ನು ನಂಬಿದೆ. ಗಿನಿಪಿಗ್‌ಗೆ ಜೊತೆ ಹುಡುಕುತ್ತಿರುವವರು ದಯವಿಟ್ಟು ಓದಿ

ಇವತ್ತು ಬೆಳಿಗ್ಗೆ ಬೇರೊಂದು ವಾಟ್ಸಾಪ್ ಗ್ರೂಪಿನಲ್ಲಿ ನಾನು ಮರಿ ತಗೊಳ್ಳುವಾಗ ನೋಡಿದ್ದ ಅದೇ ಫೋಟೋ ಮತ್ತೆ ಬಂತು. ಅದೇ ಹಸಿರು ಬಕೆಟ್, ಅದೇ ಕಂದು ಬಿಳಿ ಮರಿ, ಅದೇ ಸಾಲು: 'ಹೆಣ್ಣು, ಎರಡು ತಿಂಗಳು, ನಿಮ್ಮ ಗಿನಿಪಿಗ್‌ಗೆ ಒಳ್ಳೆ ಜೋಡಿ.' ಆ ಮರಿ ನನ್ನ ಮನೆಯಲ್ಲಿದೆ. ಎರಡು ತಿಂಗಳಿಂದ ನನ್ನ ಮನೆಯಲ್ಲೇ ಇದೆ. ಅದು ಹೆಣ್ಣಲ್ಲ. ಶಿವಮೊಗ್ಗ ಕಡೆ ಇನ್ಯಾರೋ ಈಗ ಅಡ್ವಾನ್ಸ್ ಹಾಕುತ್ತಿರಬಹುದು ಅಂತ ಹೊಳೆದು ಕೈ ನಡುಗಿತು. ಅದಕ್ಕೇ ಬರೆಯುತ್ತಿದ್ದೇನೆ.

ನಾವಿರುವುದು ತೀರ್ಥಹಳ್ಳಿಯಲ್ಲಿ. ಮಗಳ ಹತ್ತಿರ ಎರಡು ಹೆಣ್ಣು ಗಿನಿಪಿಗ್ ಇದ್ದವು, ಚಿನ್ನಿ ಮತ್ತು ಮುನ್ನಿ. ಬೇಸಿಗೆಯಲ್ಲಿ ಮುನ್ನಿ ಹೋಯಿತು. ಸಾಕಿದವರಿಗೆ ಗೊತ್ತು, ಇವು ಗುಂಪಿನಲ್ಲಿ ಬದುಕುವಂಥವು, ಒಂಟಿಯಾದರೆ ಸೊರಗುತ್ತವೆ. ಫ್ರಿಜ್ ಬಾಗಿಲು ತೆಗೆದ ಸದ್ದಿಗೇ 'ವೀಕ್ ವೀಕ್' ಅಂತ ಮನೆ ಎಬ್ಬಿಸುತ್ತಿದ್ದ ಚಿನ್ನಿ ಮೂಲೆ ಹಿಡಿದು ಕೂತಳು. ಕೊತ್ತಂಬರಿ ಸೊಪ್ಪು ಮೂಗಿನ ಹತ್ತಿರ ಹಿಡಿದರೂ ಬೇಡ. ಅವಳನ್ನು ನೋಡಿ ಮಗಳೂ ಸರಿಯಾಗಿ ಊಟ ಮಾಡುತ್ತಿರಲಿಲ್ಲ. ಹಾಗಾಗಿ ಒಂದು ಹೆಣ್ಣು ಬೇಕು, ಹೆಣ್ಣೇ ಬೇಕು ಅಂತ ಹುಡುಕಿದೆ. 'ಹೆಣ್ಣೇ ಬೇಕು' ಅಂತ ಆ ಫೋಟೋ ಹಾಕಿ ಮರಿ ಮಾರುವ ಮನುಷ್ಯನಿಗೆ ಎಷ್ಟು ಸಲ ಹೇಳಿದ್ದೆ ಅಂತ ಚಾಟ್ ತೆಗೆದು ಎಣಿಸಿದೆ. ಆರು ಸಲ.

ಮೊದಲ ದಿನವೇ ಗೊತ್ತಾಗಬೇಕಿತ್ತು. 'ಜೊತೆಗೆ ಮೊಲ ಹಾಕಿ ಅಕ್ಕ, ಎರಡೂ ಒಂದೇ ಜಾತಿ' ಅಂದಿದ್ದ. ಒಂದೇ ಜಾತಿ ಎಲ್ಲಿಂದ? ಗಿನಿಪಿಗ್ ಇಲಿಯ ಬಳಗದ್ದು. ಮೊಲ ಒದ್ದರೆ ಗಿನಿಪಿಗ್‌ನ ಮೂಳೆ ಮುರಿಯಬಹುದು. ಮೊಲಕ್ಕೆ ಏನೂ ಮಾಡದ ರೋಗಾಣು ಇದಕ್ಕೆ ನ್ಯುಮೋನಿಯಾ ತರಬಹುದು. ಇಷ್ಟು ನನಗೇ ಗೊತ್ತಿತ್ತು. ಆದರೂ ಅವನ ಹತ್ತಿರವೇ ತಗೊಂಡೆ. ಮೂರು ಮಾತಿಗೊಮ್ಮೆ ಅಕ್ಕ, ಅಕ್ಕ. 'ತಮ್ಮ ಅಂದ್ಕೊಳ್ಳಿ ಅಕ್ಕ, ಮೋಸ ಮಾಡ್ತೀನಾ? ವ್ಯಾಕ್ಸೀನ್ ಕೂಡ ಆಗಿದೆ.' ಗಿನಿಪಿಗ್‌ಗೆ ನಾಯಿಗೆ ಹಾಕಿಸುವ ಹಾಗೆ ವ್ಯಾಕ್ಸೀನ್ ಹಾಕಿಸುವ ಪದ್ಧತಿಯೇ ಇಲ್ಲ ಅಂತ ಆಮೇಲೆ ಡಾಕ್ಟರ್ ಹೇಳಿದರು.

ಐನೂರು ಅಡ್ವಾನ್ಸ್, ಉಳಿದ ಸಾವಿರ ಕೈಗೆ ಸಿಕ್ಕಮೇಲೆ. ಶಿವಮೊಗ್ಗ ಬಸ್ ಸ್ಟ್ಯಾಂಡಿನಲ್ಲಿ, ಜೂನ್ ಮಳೆಯಲ್ಲಿ, ತೂತು ಮಾಡಿದ ಚಪ್ಪಲಿ ಡಬ್ಬದಲ್ಲಿ ತಂದುಕೊಟ್ಟ. ತೆರೆಯಲು ಹೋದೆ. 'ಬೇಡ ಅಕ್ಕ, ಗಲಾಟೆಗೆ ಹೆದರ್ಕೊಂಡ್ರೆ ಹಾರ್ಟ್ ನಿಂತೋಗುತ್ತೆ, ಮನೆಗೆ ಹೋಗಿ ತೆಗೀರಿ.' ನನ್ನ ಕೈ ಮುಚ್ಚಳದ ಮೇಲಿತ್ತು. ಮುಚ್ಚಳ ತೆರೆಯದೆ ಕೈ ತೆಗೆದುಬಿಟ್ಟೆ! ಅಲ್ಲೇ ನಿಂತು ಫೋನ್‌ಪೇ ಮಾಡಿದೆ. ಕೊಟ್ಟಿಗೆ ಇರುವ ಮನೆಯಲ್ಲಿ ಬೆಳೆದವಳು ನಾನು. ಕರು ನೆಲಕ್ಕೆ ಬಿದ್ದ ಕೂಡಲೇ ಬಾಲ ಎತ್ತಿ ಹೋರಿಯೋ ಹೆಣ್ಗರುವೋ ನೋಡುವ ಮನೆ ನಮ್ಮದು. ಇದನ್ನು ಎತ್ತಿ ನೋಡಲಿಲ್ಲ. ನಾಚಿಕೆಯಾಗುತ್ತದೆ.

ಹೊಸದನ್ನು ಎಷ್ಟು ದಿನ ಬೇರೆ ಇಡಬೇಕು ಅಂತ ಕೇಳಿದ್ದಕ್ಕೆ, 'ಅದೆಲ್ಲ ಫಾರಿನ್ ಕಥೆ ಅಕ್ಕ, ಇವತ್ತೇ ಬಿಡಿ' ಅಂದ. ಬಿಟ್ಟೆ. ಮಗಳು ಅದಕ್ಕೆ ಗೌರಿ ಅಂತ ಹೆಸರಿಟ್ಟಳು. ಗೌರಿ ಬಂದ ಸಂಜೆಯೇ ಚಿನ್ನಿಯ ಸುತ್ತ ಸೊಂಟ ಆಡಿಸಿಕೊಂಡು 'ಗುರ್ರ್' ಅಂತ ಸುತ್ತಲು ಶುರುಮಾಡಿತು. ನಮಗೆಲ್ಲ ಖುಷಿ. ವಿಡಿಯೋ ಮಾಡಿ ಅವನಿಗೇ ಕಳಿಸಿ ಥ್ಯಾಂಕ್ಸ್ ಹೇಳಿದೆ. 'ನೋಡಿ ಅಕ್ಕ, ಎಷ್ಟು ಬೇಗ ಸೆಟ್ ಆಯ್ತು' ಅಂತ ಉತ್ತರ, ಜೊತೆಗೆ ಎರಡು ಹಾರ್ಟ್. ಹೆಣ್ಣುಗಳೂ ಕೆಲವು ಸಲ ಹಾಗೆ ಸುತ್ತುತ್ತವಂತೆ, ಆದರೆ ಗಂಡು ಹೆಣ್ಣಿನ ಹಿಂದೆ ಬೀಳುವುದು ಹೀಗೇ. ಅವನಿಗೆ ಆ ವಿಡಿಯೋ ನೋಡಿದಾಗಲೇ ಗೊತ್ತಾಗಿತ್ತು. ಇಷ್ಟು ವರ್ಷ ಮರಿ ಮಾರುವವನಿಗೆ ಗೊತ್ತಾಗದೇ ಇರುತ್ತದಾ?

ಐದು ವಾರಕ್ಕೆ ಎರಡಕ್ಕೂ ಕೆರೆತ ಜಾಸ್ತಿಯಾಗಿ ಕುತ್ತಿಗೆ ಹತ್ತಿರ ಕೂದಲು ಉದುರಿತು. ಶಿವಮೊಗ್ಗಕ್ಕೆ ಕರೆದುಕೊಂಡು ಹೋದೆ. ಚರ್ಮದ ಹುಳ, ಹೊಸದರಿಂದ ಬಂದಿದ್ದು. ಅದಕ್ಕೆ ಔಷಧಿ ಆಯಿತು, ವಾಸಿಯೂ ಆಯಿತು. ಆದರೆ ಡಾಕ್ಟರ್ ಗೌರಿಯನ್ನು ಎತ್ತಿ ಅಂಗಾತ ಹಿಡಿದು ನನ್ನ ಮುಖ ನೋಡಿದರು. 'ಯಾರಮ್ಮಾ ಇದನ್ನ ಹೆಣ್ಣು ಅಂದಿದ್ದು?' ಹತ್ತು ಸೆಕೆಂಡ್ ಹಿಡಿಯಲಿಲ್ಲ ಅವರಿಗೆ. ಹೆಣ್ಣಿಗೆ ಅಲ್ಲಿ ಇಂಗ್ಲಿಷಿನ ವೈ ಅಕ್ಷರದ ಹಾಗೆ ಸೀಳು ಕಾಣುತ್ತದೆ. ಗಂಡಿಗೆ ದುಂಡಗಿನ ಸಣ್ಣ ಉಬ್ಬು, ಸ್ವಲ್ಪ ಮೇಲೆ ಮೆಲ್ಲಗೆ ಒತ್ತಿದರೆ ಲಿಂಗ ಹೊರಗೆ ಬರುತ್ತದೆ. ಅಷ್ಟೇ. ಮಗಳು ಪಕ್ಕದಲ್ಲೇ ನಿಂತಿದ್ದಳು. ಆಮೇಲೆ ಚಿನ್ನಿಯ ಹೊಟ್ಟೆ ಮುಟ್ಟಿ ನೋಡಿ, ಮರಿ ಇದೆ ಅಂದರು. ಜೊತೆ ಸಿಕ್ಕಿತು, ಚೆನ್ನಾಗಿ ತಿಂದು ದಪ್ಪಗಾಗುತ್ತಿದ್ದಾಳೆ ಅಂದುಕೊಂಡಿದ್ದೆ ನಾನು.

ಚಿನ್ನಿಗೆ ಒಂದೂವರೆ ವರ್ಷ. ಒಮ್ಮೆಯೂ ಮರಿ ಹಾಕಿಲ್ಲ. ಏಳೆಂಟು ತಿಂಗಳೊಳಗೆ ಮೊದಲ ಹೆರಿಗೆ ಆಗದಿದ್ದರೆ ಇವುಗಳ ಸೊಂಟದ ಮೂಳೆಯ ಕೀಲು ಬಿಗಿದುಕೊಳ್ಳಬಹುದು, ಹೆರಿಗೆ ಹೊತ್ತಲ್ಲಿ ಬಿಟ್ಟುಕೊಡದೇ ಇರಬಹುದು. ಮರಿಗಳೂ ಸಣ್ಣವಲ್ಲ, ಮೈತುಂಬ ಕೂದಲು, ತೆರೆದ ಕಣ್ಣು, ಹಲ್ಲು ಎಲ್ಲ ಇಟ್ಟುಕೊಂಡೇ ಹುಟ್ಟುತ್ತವೆ. ಸಿಕ್ಕಿಹಾಕಿಕೊಂಡರೆ ಆಪರೇಷನ್ನೇ ಗತಿ. ಅದರಲ್ಲೂ ಉಳಿಯುತ್ತದೆ ಅನ್ನುವ ಹಾಗಿಲ್ಲ.

ಆಸ್ಪತ್ರೆ ಬಾಗಿಲಲ್ಲೇ ಫೋನ್ ಮಾಡಿದೆ. ಎತ್ತಲಿಲ್ಲ. ಮೆಸೇಜ್ ಹಾಕಿದೆ. ಮೊದಲು, 'ಚಿಕ್ಕದರಲ್ಲಿ ಯಾರಿಗೂ ಗೊತ್ತಾಗಲ್ಲ ಅಕ್ಕ.' ಹಾಗಾದರೆ ನಾನು ಆರು ಸಲ ಹೇಳಿದರೂ ಪಕ್ಕಾ ಅಂದಿದ್ದು ಯಾಕೆ? ಆಮೇಲೆ, 'ನಾನು ಕೊಟ್ಟಿದ್ದು ಹೆಣ್ಣೇ, ನೀವು ಬದಲಾಯಿಸಿರಬಹುದು.' ಅಷ್ಟು ಹೊತ್ತಿಗೆ ಅಕ್ಕ ಹೋಗಿ ಮೇಡಂ ಆಗಿದ್ದೆ. 'ಮರಿ ಆದ್ರೆ ನಿಮಗೇ ಲಾಭ ಅಲ್ವಾ ಮೇಡಂ? ಬೇಡ ಅಂದ್ರೆ ನಾನೇ ತಗೋತೀನಿ, ಒಂದಕ್ಕೆ ಇನ್ನೂರು ಕೊಡ್ತೀನಿ.' ಇನ್ನೂರು! ಚಿನ್ನಿ ಬದುಕುವುದಿಲ್ಲವೇನೋ ಅಂತ ನಾನು ಅಳುತ್ತಿದ್ದರೆ ಇವನು ಅವಳ ಹೊಟ್ಟೆಯೊಳಗಿನ ಮರಿಗೆ ರೇಟು ಹೇಳುತ್ತಿದ್ದಾನೆ. ದುಡ್ಡು ವಾಪಸ್ ಕೇಳಿದೆ. ಅವನ ಫೋಟೋ ಮಾಯವಾಯಿತು. ಬ್ಲಾಕ್.

ಗೌರಿಯದು ಏನೂ ತಪ್ಪಿಲ್ಲ, ಅವನನ್ನು ಎಲ್ಲಿಗೂ ಕಳಿಸುವುದಿಲ್ಲ. ಈಗ ಜಾಲರಿಯ ಆಚೆ ಇದ್ದಾನೆ. ಹೆತ್ತ ಕೆಲವೇ ಗಂಟೆಗಳಲ್ಲಿ ಚಿನ್ನಿ ಮತ್ತೆ ಗಬ್ಬವಾಗಬಹುದು, ಅದಕ್ಕೆ ಹತ್ತಿರ ಬಿಡುವ ಹಾಗಿಲ್ಲ. ಮುಂದೆ ಅವನಿಗೆ ಬೀಜ ತೆಗೆಸುವ ಆಪರೇಷನ್ ಮಾಡಿಸಿದರೂ ಕೆಲವು ವಾರ ಬೇರೆಯೇ ಇಡಬೇಕು. ಇಬ್ಬರೂ ಜಾಲರಿಗೆ ಮೂಗು ಒತ್ತಿಕೊಂಡು ಮಲಗುತ್ತಾರೆ.

ಜೊತೆ ತರುವವರು ಡಬ್ಬ ತೆರೆಸಿ, ಕೈಯಲ್ಲಿ ಎತ್ತಿ, ತಿರುಗಿಸಿ ನೋಡಿ. ಎದೆ ಕೆಳಗೊಂದು ಕೈ, ಹಿಂಭಾಗಕ್ಕೊಂದು ಕೈ ಕೊಟ್ಟು ಹಿಡಿದರೆ ಏನೂ ಆಗುವುದಿಲ್ಲ. ತೆರೆಯಬೇಡಿ ಅಂದರೆ ದುಡ್ಡು ಕೊಡದೆ ಬಸ್ ಹತ್ತಿ. ಮನೆಗೆ ತಂದಮೇಲೂ ಎರಡು ಮೂರು ವಾರ ಬೇರೆ ಇಡಿ, ಅಷ್ಟರಲ್ಲಿ ಡಾಕ್ಟರಿಗೆ ತೋರಿಸಿ.

ಗೌರಿ ಬಂದು ಇವತ್ತಿಗೆ 61 ದಿನ. ಗಬ್ಬವಾದ 59ರಿಂದ 72 ದಿನದೊಳಗೆ ಯಾವಾಗ ಬೇಕಾದರೂ ಹೆರಿಗೆ ಆಗಬಹುದು. ಕಾರಿಗೆ ಪೆಟ್ರೋಲ್ ತುಂಬಿಸಿ ಇಟ್ಟಿದ್ದೇವೆ. ರಾತ್ರಿ ಆದರೆ ಈ ಮಳೆಯಲ್ಲಿ ಮಂಡಗದ್ದೆ ದಾಟಿ ಶಿವಮೊಗ್ಗ ಮುಟ್ಟಬೇಕು. ಬರೆಯುವಾಗ ಚಿನ್ನಿ ನನ್ನ ಪಕ್ಕದಲ್ಲೇ ಮಲಗಿದ್ದಾಳೆ. ಹೊಟ್ಟೆಯೊಳಗೆ ಮರಿ ಕದಲುವುದು ಕಣ್ಣಿಗೇ ಕಾಣುತ್ತದೆ. ಹಸಿರು ಬಕೆಟ್, ಕಂದು ಬಿಳಿ ಮರಿ, ಎಡಗಿವಿಯ ತುದಿ ಸ್ವಲ್ಪ ಹರಿದಿದೆ. ಆ ಫೋಟೋ ನಿಮಗೂ ಬಂದಿದ್ದರೆ ದುಡ್ಡು ಹಾಕಬೇಡಿ.