ಅಡಿಕೆ ತೋಟಕ್ಕೆ ಬಾವಿ ನೀರೋ, ಬೋರ್ ನೀರೋ?

ತೀರ್ಥಹಳ್ಳಿ ಕಡೆಯ ಬಾವಿ ನೀರು ಜಂಬಿಟ್ಟಿಗೆಯಲ್ಲಿ ಸೋಸಿ ಬಂದ ಮಳೆನೀರು. ಉಪ್ಪಿನಂಶ ಕಡಿಮೆ, ಸ್ವಲ್ಪ ಹುಳಿ ಗುಣ. ಆದರೆ ಏಪ್ರಿಲ್ ಬಂದರೆ ಎಷ್ಟೋ ಬಾವಿಗಳ ತಳ ಕಾಣುತ್ತದೆ. ಗೊಬ್ಬರಗುಂಡಿ ಹತ್ತಿರವಿದ್ದರೆ ನೈಟ್ರೇಟ್ ಕೂಡ ಇಳಿಯುತ್ತದೆ.

ಬೋರ್ ನೀರು ಬಂಡೆಯ ಬಿರುಕಿನದು, ಸಾಮಾನ್ಯವಾಗಿ ಗಡಸು ಜಾಸ್ತಿ. ಕಬ್ಬಿಣವಿದ್ದರಂತೂ ತಲೆನೋವು. ಮೇಲೆ ಬರುವಾಗ ತಿಳಿಯಾಗೇ ಇರುತ್ತದೆ. ಗಾಳಿ ತಾಗಿದ ಮೇಲೆ ಕೆಂಪು ಕೆಸರಾಗಿ ಡ್ರಿಪ್‌ನ ತೂತು ಕಟ್ಟುತ್ತದೆ.

ಕರಾವಳಿಯ ಹಾಗೆ ಸಮುದ್ರದ ಉಪ್ಪು ನುಗ್ಗುವ ಭಯ ನಮಗಿಲ್ಲ, ಅಷ್ಟು ಪುಣ್ಯ. ನಮ್ಮದು ಹುಳಿ ಮಣ್ಣು. ಸುಣ್ಣದಂಶವನ್ನು ಮಳೆ ತೊಳೆದುಬಿಡುತ್ತದೆ, ಅಲ್ವಾ? ಹಾಗಾಗಿ ಸ್ವಲ್ಪ ಗಡಸು ನೀರಿಗೆ ಹೆದರಬೇಕಿಲ್ಲ. ಲವಣಾಂಶದ ಪರೀಕ್ಷೆಯಲ್ಲಿ ಇ.ಸಿ. (ನೀರಿನ ವಿದ್ಯುತ್ ವಾಹಕತೆ) ಮೀಟರಿಗೆ 0.7 ಡೆಸಿಸೀಮೆನ್ಸ್ ಒಳಗಿದ್ದರೆ ಧೈರ್ಯವಾಗಿ ಬಿಡಿ.

ನನ್ನ ಕೇಳಿದರೆ, ಬೋರ್ ಕೊರೆಸುವ ಮೊದಲು ಹಳೇ ಬಾವಿಯ ಹೂಳು ತೆಗೆಸಿ.