ಥಾಯ್ ಹೊಸ ವರ್ಷ: ಜನವರಿಗೆ ಹೋಗುವುದೋ, ಏಪ್ರಿಲ್‌ಗೋ?

ಥಾಯ್ಲೆಂಡಿನಲ್ಲಿ ಹೊಸ ವರ್ಷ ಎರಡು ಸಲ. ಕ್ಯಾಲೆಂಡರ್ ಬದಲಾಗುವುದು ಜನವರಿ 1ಕ್ಕೆ. ನೀರೆರಚಾಟದ ಸಾಂಗ್‌ಕ್ರಾನ್ ಏಪ್ರಿಲ್ 13ರಿಂದ 15. ಜನವರಿಯದು ಈಚಿನ ಏರ್ಪಾಡು. 1941ರಲ್ಲಿ ಸರ್ಕಾರವೇ ವರ್ಷಾರಂಭವನ್ನು ಏಪ್ರಿಲ್‌ನಿಂದ ಅಲ್ಲಿಗೆ ತಂದಿತು, ಹಾಗಾಗಿ ಅದರ ಹಿಂದಿನ ವರ್ಷಕ್ಕೆ ಒಂಬತ್ತೇ ತಿಂಗಳು!

ಡಿಸೆಂಬರ್ 31ರ ರಾತ್ರಿ ಬ್ಯಾಂಕಾಕ್‌ನಲ್ಲಿ ಚಾವೊ ಫ್ರಾಯಾ ನದಿಯ ಮೇಲೆ ಬಾಣಬಿರುಸು, ಮಾಲ್‌ಗಳ ಮುಂದೆ ಕೌಂಟ್‌ಡೌನ್. ಇದು ಯಾವ ಮಹಾನಗರದಲ್ಲೂ ಸಿಗುತ್ತದೆ. ನನ್ನನ್ನು ಕೇಳಿದರೆ ನೋಡಬೇಕಾದ್ದು ಬೌದ್ಧ ದೇವಾಲಯಗಳಲ್ಲಿದೆ. ಬಹಳ ಮಂದಿ ಬಿಳಿ ಬಟ್ಟೆ ತೊಟ್ಟು, ನಡುರಾತ್ರಿ ದಾಟುವವರೆಗೂ ಭಿಕ್ಷುಗಳೊಂದಿಗೆ ಪಾಲಿ ಮಂತ್ರ ಹೇಳುತ್ತ ವರ್ಷ ದಾಟುತ್ತಾರೆ. ಬೆಳಗಾದರೆ ಭಿಕ್ಷುಗಳಿಗೆ ಅನ್ನ, ದಿನಸಿ ದಾನ. ಹಿರಿಯರಿಗೆ, ಮೇಲಧಿಕಾರಿಗಳಿಗೆ ಉಡುಗೊರೆ ಬುಟ್ಟಿ. ಭುಜ, ಮೊಣಕಾಲು ಮುಚ್ಚುವ ಬಟ್ಟೆ ಒಯ್ಯಿರಿ. ಹವೆ ಹಿತ, ಹೋಟೆಲ್ ದರ ಮಾತ್ರ ದುಬಾರಿ.

ಏಪ್ರಿಲ್ ಅಂದರೆ ಸುಡುಬಿಸಿಲು. ಚಿಯಾಂಗ್ ಮಾಯ್‌ನ ಹಳೇ ಊರಿನ ಕಂದಕದ ಸುತ್ತ ಬಕೆಟ್, ಪಿಚಕಾರಿ ಹಿಡಿದ ಜನ. ಫೋನನ್ನು ಪ್ಲಾಸ್ಟಿಕ್ ಚೀಲದಲ್ಲಿ ಇಡದಿದ್ದರೆ ಕೆಟ್ಟಿರಿ. ಮನೆಗಳಲ್ಲಿ ಬುದ್ಧನ ಮೂರ್ತಿಗೆ, ಹಿರಿಯರ ಕೈಗೆ ಸುಗಂಧದ ನೀರು ಎರೆಯುತ್ತಾರೆ. ತುಳುನಾಡಿನ ಬಿಸು ಕೂಡ ಈ ದಿನಗಳಲ್ಲೇ. ಎರಡಕ್ಕೂ ಸೌರಮಾನವೇ ಆಧಾರ.

ವಯಸ್ಸಾದ ಅಪ್ಪ-ಅಮ್ಮ ಜೊತೆಗಿದ್ದರೆ ಜನವರಿ. ಕಾಲೇಜು ಹುಡುಗರ ಗುಂಪಾದರೆ ಕಣ್ಣುಮುಚ್ಚಿ ಏಪ್ರಿಲ್. ಎರಡೂ ಸಲ ಬ್ಯಾಂಕಾಕ್‌ನವರು ಊರಿಗೆ ಹೊರಡುವುದರಿಂದ ರೈಲು, ಬಸ್ಸು ತುಂಬಿರುತ್ತವೆ. ಟಿಕೆಟ್ ಮೊದಲೇ ಮಾಡಿಸಿ, ಬಾಡಿಗೆ ಬೈಕ್ ಹತ್ತಬೇಡಿ. ಆ ವಾರದ ರಸ್ತೆ ಅಪಘಾತಗಳು ಅಲ್ಲಿ ಪ್ರತಿವರ್ಷದ ಸುದ್ದಿ.